‘ಮಂಗನಿಂದ ಮಾನವ’: ಒಂದು ತಪ್ಪು ಮಾತಿನ ಇತಿಹಾಸ

ಜೀವವಿಕಾಸದ ಪಾಠ ಬಂದಾಗಲೆಲ್ಲ ತರಗತಿಯ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಸಾರ್, ಮಂಗನಿಂದ ಮಾನವ ಆದ ಅಂದ್ರೆ, ಮಂಗಗಳು ಇನ್ನೂ ಯಾಕೆ ಇವೆ?” ಎಲ್ಲರೂ ನಗುತ್ತಾರೆ, ಅಷ್ಟರಲ್ಲಿ ಗಂಟೆ ಬಾರಿಸುತ್ತದೆ, ಪ್ರಶ್ನೆ ಹಾಗೆಯೇ ಉಳಿಯುತ್ತದೆ. ತಪ್ಪು ಕೇಳಿದ ಹುಡುಗನದಲ್ಲ. ಪ್ರಾಸಕ್ಕೆ ಮರುಳಾಗಿ ನಾವು ರೂಢಿಸಿಕೊಂಡ ಮಾತಿನದು.

ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಮಾನವನ ಮೂಲದ ಬಗ್ಗೆ ಗ್ರಂಥ ಬರೆದಾಗ, ಇಂದು ಮರದ ಮೇಲಿರುವ ಮಂಗವೇ ಮನುಷ್ಯನಾಯಿತೆಂದು ಹೇಳಲಿಲ್ಲ. ಮನುಷ್ಯನಿಗೂ ವಾನರಗಳಿಗೂ ಬಹು ಹಿಂದೆ ಸಮಾನ ಪೂರ್ವಜರಿದ್ದರು ಎಂಬುದು ಅವನ ವಾದ. ಚಿಕ್ಕಪ್ಪನ ಮಕ್ಕಳು ನಮ್ಮನ್ನು ಹೆತ್ತವರಲ್ಲ. ಅವರಿಗೂ ನಮಗೂ ಅಜ್ಜ ಒಬ್ಬನೇ. ನಾವು ಹುಟ್ಟಿದ ಮಾತ್ರಕ್ಕೆ ಅವರು ಇಲ್ಲವಾಗಬೇಕಿಲ್ಲ. ನಮ್ಮ ಮತ್ತು ಚಿಂಪಾಂಜಿಗಳ ವಂಶಗಳು ಬೇರೆಯಾಗಿ ಸುಮಾರು 60–70 ಲಕ್ಷ ವರ್ಷಗಳಾಗಿವೆ. ನಮ್ಮೂರಿನ ಕೋತಿ, ಮುಸುವಗಳ ಕವಲು ಅದಕ್ಕೂ ಬಹಳ ಮುಂಚೆ, ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ ಒಡೆಯಿತು. ಕಾಡುಪಾಪದ್ದು ಇನ್ನೂ ಹಿಂದೆ. ಆದ್ದರಿಂದ ಚಿಂಪಾಂಜಿಗೆ ಹತ್ತಿರದ ನೆಂಟ ಮನುಷ್ಯನೇ ಹೊರತು ಕೋತಿಯಲ್ಲ.

ಎರಡನೆಯ ತಪ್ಪು, ವಿಕಾಸವನ್ನು ಏಣಿ ಎಂದು ತಿಳಿಯುವುದು. ಬಗ್ಗಿದ ವಾನರ ಹೆಜ್ಜೆ ಹೆಜ್ಜೆಗೂ ನೆಟ್ಟಗಾಗುತ್ತಾ ಮನುಷ್ಯನಾಗುವ ಸಾಲುಚಿತ್ರವನ್ನು ನೋಡದವರಿಲ್ಲ. 1965ರಲ್ಲಿ ಅಮೆರಿಕದ ‘ಅರ್ಲಿ ಮ್ಯಾನ್’ ಎಂಬ ಪುಸ್ತಕಕ್ಕೆ ರುಡಾಲ್ಫ್ ಜಾಲಿಂಗರ್ ಬರೆದ ಚಿತ್ರದಿಂದ ಅದು ಜಗತ್ತಿಗೆಲ್ಲ ಹರಡಿತು. ಆದರೆ ವಿಕಾಸ ಏಣಿಯಲ್ಲ, ಕವಲೊಡೆದ ಮರ. ನಿಯಾಂಡರ್ತಾಲ್ ಮಾನವರು ನಮ್ಮ ಪೂರ್ವಿಕರ ಕಾಲದಲ್ಲಿಯೇ ಬದುಕಿದ್ದರು.

ಏಣಿಯ ಕಲ್ಪನೆ ಬರಿಯ ಪಠ್ಯದ ತಪ್ಪಾಗಿ ಉಳಿಯಲಿಲ್ಲ. ಏಣಿ ಇದ್ದರೆ ಕೆಳಗಿನ ಮೆಟ್ಟಿಲಲ್ಲಿ ಯಾರನ್ನಾದರೂ ನಿಲ್ಲಿಸಬೇಕಲ್ಲವೆ? 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಕಾಂಗೋ ದೇಶದ ಓಟಾ ಬೆಂಗಾ ಎಂಬ ತರುಣನನ್ನು ಮಂಗಗಳ ಮನೆಯಲ್ಲಿ, ಒರಾಂಗುಟಾನಿನ ಜೊತೆಗೆ, ಜನರು ನೋಡಲೆಂದು ಇರಿಸಿದರು. ಕಪ್ಪು ಜನಾಂಗದ ಪಾದ್ರಿಗಳು ಪ್ರತಿಭಟಿಸಿದ ಮೇಲೆ ಅವನನ್ನು ಹೊರಗೆ ತರಲಾಯಿತು. ತಾಯ್ನಾಡಿಗೆ ಮರಳಲಾಗದೆ, 1916ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಇಂದು ಬದುಕಿರುವ ಮನುಷ್ಯರೆಲ್ಲರೂ ಒಂದೇ ಪ್ರಭೇದಕ್ಕೆ ಸೇರಿದವರು. ಯಾರೂ ಯಾರಿಗಿಂತ ಹಿಂದಿನ ಮೆಟ್ಟಿಲಲ್ಲಿಲ್ಲ.

ತಪ್ಪು ನಂಬಿಕೆ ವಿದ್ವಾಂಸರನ್ನೂ ಬಿಟ್ಟಿಲ್ಲ. ಮನುಷ್ಯನಲ್ಲಿ ಮೊದಲು ಮಿದುಳು ದೊಡ್ಡದಾಗಿರಬೇಕು ಎಂದು ಅನೇಕರು ನಂಬಿದ್ದರು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ದೊಡ್ಡ ತಲೆಬುರುಡೆ ಮತ್ತು ವಾನರನಂಥ ದವಡೆ ಸಿಕ್ಕಿವೆ ಎಂಬ ಸುದ್ದಿ ಬಂದಾಗ, ಅದು ಅವರ ನಂಬಿಕೆಗೆ ಹೇಳಿ ಮಾಡಿಸಿದಂತಿತ್ತು. 1925ರಲ್ಲಿ ರೇಮಂಡ್ ಡಾರ್ಟ್ ದಕ್ಷಿಣ ಆಫ್ರಿಕಾದ ಟಾಂಗ್ ಎಂಬಲ್ಲಿ ದೊರೆತ ಮಗುವಿನ ತಲೆಬುರುಡೆಯನ್ನು ಪ್ರಕಟಿಸಿದನು. ಅದರ ಮಿದುಳು ಚಿಕ್ಕದು, ಆದರೆ ಎರಡು ಕಾಲಿನಲ್ಲಿ ನಡೆದ ಗುರುತು ಸ್ಪಷ್ಟ. ಬಹುತೇಕ ವಿದ್ವಾಂಸರು ಒಪ್ಪಲಿಲ್ಲ. 1953ರಲ್ಲಿ ಪಿಲ್ಟ್‌ಡೌನ್ ಬುರುಡೆಯ ಮೋಸ ಬಯಲಾಯಿತು: ಮನುಷ್ಯನ ಬುರುಡೆಗೆ ವಾನರನ ದವಡೆ ಜೋಡಿಸಿ, ಹಲ್ಲುಗಳನ್ನು ಅರದಿಂದ ಉಜ್ಜಿ, ಹಳತಾಗಿ ಕಾಣುವಂತೆ ಬಣ್ಣ ಹಾಕಲಾಗಿತ್ತು. ಡಾರ್ಟ್ ಹೇಳಿದ್ದೇ ಸರಿಯಾಗಿತ್ತು. 1974ರಲ್ಲಿ ಇಥಿಯೋಪಿಯಾದಲ್ಲಿ ದೊರೆತ, ಸುಮಾರು 32 ಲಕ್ಷ ವರ್ಷ ಹಳೆಯ ‘ಲೂಸಿ’ಯೂ ಅದನ್ನೇ ಸಾರಿದಳು: ನಡಿಗೆ ಮೊದಲು, ದೊಡ್ಡ ಮಿದುಳು ಆಮೇಲೆ.

ನಲವತ್ತೊಂದು ವರ್ಷ ನಡೆದ ಆ ಮೋಸವನ್ನು ಬಯಲಿಗೆಳೆದವರೂ ವಿಜ್ಞಾನಿಗಳೇ. ತಮ್ಮ ಹಿರಿಯರು ಒಪ್ಪಿದ್ದನ್ನು ಅವರು ಮತ್ತೆ ಪರೀಕ್ಷೆಗೆ ಒಡ್ಡಿದರು. ಆದ್ದರಿಂದ ಹಿಂದಿನ ಬೆಂಚಿನ ವಿದ್ಯಾರ್ಥಿಗೆ ನನ್ನ ಮನವಿ ಇಷ್ಟೇ: ಆ ಪ್ರಶ್ನೆಯನ್ನು ಮುಂದೆಯೂ ಕೇಳು. ಗಂಟೆ ಬಾರಿಸಿದರೂ ಉತ್ತರ ಸಿಗುವವರೆಗೆ ಮೇಷ್ಟರನ್ನು ಬಿಡಬೇಡ.