ಜೀವನದ ಒತ್ತಡ, ವಂಶವಾಹಿಗಳು ಮತ್ತು ಶರೀರದ ಪ್ರತಿಕ್ರಿಯೆ

ತಾಯಿಗಿದ್ದ ಖಿನ್ನತೆಯು ಮಗಳಿಗೂ ಬರಲೇಬೇಕೆ? ಮಾನಸಿಕ ಆರೋಗ್ಯ ಸೇವೆ ಕೋರಿ ಬರುವ ಕುಟುಂಬಗಳಲ್ಲಿ ಈ ಪ್ರಶ್ನೆಯು ಸಾಮಾನ್ಯವಾಗಿರುತ್ತದೆ. ‘ಇದು ವಂಶದಲ್ಲಿದೆ, ಔಷಧದಿಂದ ಪ್ರಯೋಜನವಿಲ್ಲ’ ಎಂದು ಭಾವಿಸಿ ಚಿಕಿತ್ಸೆಯಿಂದ ದೂರವುಳಿಯುವವರಿದ್ದಾರೆ. ಮನೆಯ ಹೆಣ್ಣುಮಕ್ಕಳ ಸಂಬಂಧ ತಪ್ಪೀತೆಂದು ವಿಷಯವನ್ನೇ ಮುಚ್ಚಿಡುವವರೂ ಇದ್ದಾರೆ. ಈ ಕುರಿತು ವೈದ್ಯ ವಿಜ್ಞಾನದಿಂದ ತಿಳಿದುಬಂದಿರುವ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಒತ್ತಡ ಉಂಟಾದಾಗ ಶರೀರದಲ್ಲಿ ನಡೆಯುವುದೇನು?

ಸಾಲಗಾರನು ಬಾಗಿಲಿಗೆ ಬಂದಾಗ ಅಥವಾ ಪರೀಕ್ಷಾ ಕೊಠಡಿಯನ್ನು ಪ್ರವೇಶಿಸುವಾಗ ಶರೀರವು ಎರಡು ಬಗೆಯಲ್ಲಿ ಸ್ಪಂದಿಸುತ್ತದೆ. ಮೊದಲನೆಯದು ಕ್ಷಣಮಾತ್ರದಲ್ಲಿ ನಡೆಯುತ್ತದೆ: ಅಡ್ರಿನಲಿನ್ ಬಿಡುಗಡೆಯಾಗಿ ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ. ಎರಡನೆಯದು ನಿಧಾನವಾದುದು. ಮಿದುಳಿನ ತಳಭಾಗದಲ್ಲಿರುವ ಹೈಪೋಥಲಮಸ್ ಪಿಟ್ಯುಟರಿ ಗ್ರಂಥಿಗೂ, ಪಿಟ್ಯುಟರಿಯು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೂ ಸಂದೇಶ ಕಳುಹಿಸುತ್ತದೆ. ಆಗ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಸಕ್ಕರೆಯ ಅಂಶವನ್ನು ಏರಿಸುತ್ತದೆ. ಸಂಕಟವನ್ನು ಎದುರಿಸಲು ಬೇಕಾದ ಶಕ್ತಿ ದೊರೆಯುತ್ತದೆ. ಕೆಲಸ ಮುಗಿದ ಮೇಲೆ ಅದೇ ಕಾರ್ಟಿಸಾಲ್ ಮಿದುಳಿಗೆ ‘ಸಾಕು’ ಎಂಬ ಸೂಚನೆ ನೀಡುತ್ತದೆ ಮತ್ತು ಸಂದೇಶಗಳು ನಿಲ್ಲುತ್ತವೆ.

ಇದು ಕಾಯಿಲೆಯಲ್ಲ, ರಕ್ಷಣೆಯ ಏರ್ಪಾಡು. ಆದರೆ ಒತ್ತಡವು ತಿಂಗಳುಗಟ್ಟಲೆ ಮುಂದುವರಿದಲ್ಲಿ ಈ ‘ಸಾಕು’ ಎಂಬ ಸೂಚನೆಯು ದುರ್ಬಲಗೊಳ್ಳಬಹುದು. ನಿದ್ರೆ ಕೆಡುವುದು, ರಕ್ತದೊತ್ತಡ ಮತ್ತು ಸಕ್ಕರೆಯ ಅಂಶ ಏರುವುದು, ಮನಸ್ಸು ಕುಗ್ಗುವುದು ಇದರೊಂದಿಗೆ ಕಂಡುಬರುತ್ತವೆ.

ವಂಶವಾಹಿಗಳ ಪಾತ್ರ

ಒಂದೇ ಸಂಕಟವು ಎಲ್ಲರನ್ನೂ ಒಂದೇ ರೀತಿ ಬಾಧಿಸುವುದಿಲ್ಲ. ಇದಕ್ಕೆ ವಂಶವಾಹಿಗಳೂ ಒಂದು ಕಾರಣವಾಗಿರುತ್ತವೆ. ಉದಾಹರಣೆಗೆ, ಎಫ್‌ಕೆಬಿಪಿ5 ಎಂಬ ವಂಶವಾಹಿಯಿಂದ ಉಂಟಾಗುವ ಪ್ರೋಟೀನು, ಜೀವಕೋಶಗಳು ಕಾರ್ಟಿಸಾಲನ್ನು ಗ್ರಹಿಸುವ ಶಕ್ತಿಯನ್ನು ತಗ್ಗಿಸುತ್ತದೆ. ಅವಳಿ ಮಕ್ಕಳನ್ನು ಕುರಿತ ಅಧ್ಯಯನಗಳ ಪ್ರಕಾರ ಖಿನ್ನತೆಯಲ್ಲಿ ಅನುವಂಶೀಯತೆಯ ಪಾಲು ಶೇಕಡಾ 37ರಷ್ಟು. ಈ ಅಂಕಿಯನ್ನು ತಪ್ಪಾಗಿ ಓದುವುದೇ ಹೆಚ್ಚು. ಇದು ಒಂದು ಜನಸಮುದಾಯದಲ್ಲಿ ಕಂಡುಬರುವ ವ್ಯತ್ಯಾಸಗಳ ಲೆಕ್ಕವೇ ಹೊರತು, ಒಬ್ಬ ವ್ಯಕ್ತಿಗೆ ಕಾಯಿಲೆ ಬರುವ ಸಂಭವದ ಲೆಕ್ಕವಲ್ಲ.

ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972–73ರಲ್ಲಿ ಜನಿಸಿದ ಮಕ್ಕಳನ್ನು ದೀರ್ಘಕಾಲ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಸಿದ್ಧವಾಯಿತು. ಸಿರೊಟೋನಿನ್‌ಗೆ ಸಂಬಂಧಿಸಿದ ಒಂದು ವಂಶವಾಹಿಯ ನಿರ್ದಿಷ್ಟ ರೂಪವನ್ನು ಹೊಂದಿರುವವರು ಜೀವನದ ಆಘಾತಗಳಿಂದ ಹೆಚ್ಚಾಗಿ ಖಿನ್ನತೆಗೆ ಒಳಗಾಗುತ್ತಾರೆಂದು ಅದು ವರದಿ ಮಾಡಿತು. ‘ಖಿನ್ನತೆಯ ವಂಶವಾಹಿ’ ಎಂಬ ಮಾತು ಲೋಕವೆಲ್ಲ ಹರಡಿತು. ಆದರೆ 2009ರಲ್ಲಿ 14 ಅಧ್ಯಯನಗಳ 14,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ಆ ವಂಶವಾಹಿಯ ಪರಿಣಾಮವು ಕಂಡುಬರಲಿಲ್ಲ. ಜೀವನದ ಆಘಾತಗಳ ಸಂಖ್ಯೆ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚುವುದು ಮಾತ್ರ ಸ್ಪಷ್ಟವಾಗಿ ಕಂಡಿತು. 2019ರಲ್ಲಿ ನಡೆದ ಇನ್ನೂ ದೊಡ್ಡ ಪರಿಶೀಲನೆಯಲ್ಲಿ, ಹಿಂದೆ ಹೆಸರಿಸಲಾಗಿದ್ದ ಇಂತಹ 18 ವಂಶವಾಹಿಗಳಿಗೂ ವಿಶೇಷ ಆಧಾರ ದೊರೆಯಲಿಲ್ಲ. ಈಗಿನ ತಿಳಿವಳಿಕೆಯಂತೆ ಖಿನ್ನತೆಗೆ ನೂರಾರು ವಂಶವಾಹಿ ವ್ಯತ್ಯಾಸಗಳು ಸಂಬಂಧಿಸಿರುತ್ತವೆ. ಒಂದೊಂದರ ಪರಿಣಾಮವೂ ಅತ್ಯಲ್ಪ. ಆದುದರಿಂದ ಒತ್ತಡ ಸಹಿಸುವ ಶಕ್ತಿಯನ್ನು ಅಳೆಯುವುದಾಗಿ ಹೇಳಿ ಮಾರಾಟವಾಗುವ ವಂಶವಾಹಿ ಪರೀಕ್ಷೆಗಳಿಗೆ ಹಣ ವ್ಯಯಿಸುವುದು ಅನಗತ್ಯ.

ಪಾಲನೆಯ ಪ್ರಭಾವ

ಕೆನಡಾದ ವಿಜ್ಞಾನಿ ಮೈಕೆಲ್ ಮೀನಿ ಮತ್ತು ಸಹೋದ್ಯೋಗಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ತಾಯಿಯು ಹೆಚ್ಚಾಗಿ ನೆಕ್ಕಿ ಸಲಹಿದ ಮರಿಗಳು ದೊಡ್ಡವಾದ ಮೇಲೆ ಒತ್ತಡದಿಂದ ಬೇಗನೆ ಚೇತರಿಸಿಕೊಂಡವು. ಕಡಿಮೆ ನೆಕ್ಕುವ ತಾಯಿಯ ಮರಿಗಳನ್ನು ಹೆಚ್ಚು ನೆಕ್ಕುವ ತಾಯಿಯ ಬಳಿ ಬೆಳೆಸಿದಾಗ ಅವೂ ಸಾಕುತಾಯಿಯ ಮರಿಗಳಂತೆಯೇ ಆದವು. ವಂಶವಾಹಿಯ ಅಕ್ಷರಗಳು ಬದಲಾಗದಿದ್ದರೂ, ಅದು ಕೆಲಸ ಮಾಡುವ ಪ್ರಮಾಣವನ್ನು ನಿಯಂತ್ರಿಸುವ ರಾಸಾಯನಿಕ ಗುರುತುಗಳು ಪಾಲನೆಯಿಂದ ಬದಲಾಗಿದ್ದುದು 2004ರಲ್ಲಿ ಪ್ರಕಟವಾಯಿತು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಅನ್ವಯಿಸಲಾಗದು. ತಾಯಂದಿರನ್ನು ದೂಷಿಸಲು ಇದನ್ನು ಬಳಸುವುದಂತೂ ಸರಿಯಲ್ಲ. ಸ್ವತಃ ಒತ್ತಡದಲ್ಲಿರುವ ತಾಯಿಗೆ ಮೊದಲು ಬೇಕಾಗುವುದು ನೆರವು.

ಸೇವೆ ಪಡೆಯುವವರ ಗಮನಕ್ಕೆ

ಚಿಕಿತ್ಸೆ ಪಡೆಯಲು ವಂಶವಾಹಿ ಪರೀಕ್ಷೆಯ ವರದಿ ಅಗತ್ಯವಿಲ್ಲ. ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇದ್ದಲ್ಲಿ ಅದನ್ನು ವೈದ್ಯರಿಗೆ ಮರೆಮಾಚದೆ ತಿಳಿಸುವುದು ಒಳಿತು. ಔಷಧದ ಆಯ್ಕೆಗೆ ಅದು ಸಹಾಯಕ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಈ ಮಾಹಿತಿಯನ್ನು ಗೌಪ್ಯವಾಗಿಡಿಸಿಕೊಳ್ಳುವ ಹಕ್ಕು ರೋಗಿಗೆ ಇರುತ್ತದೆ. ಬಡತನ ರೇಖೆಗಿಂತ ಕೆಳಗಿರುವವರು, ಅದರ ಚೀಟಿ ಇಲ್ಲದಿದ್ದರೂ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಸೇವೆಗೆ ಅರ್ಹರು.

ನಿದ್ರಾಹೀನತೆ, ನಿರಾಸಕ್ತಿ ಅಥವಾ ಅಳು ಎರಡು ವಾರಗಳಿಗಿಂತ ಹೆಚ್ಚು ಮುಂದುವರಿದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಜೀವ ಕಳೆದುಕೊಳ್ಳುವ ಯೋಚನೆ ಬಂದಲ್ಲಿ ಕಾಯದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ.