ಅಂಕಲಿಯ ಕುದುರೆ, ಯಡೂರಿನ ನಂದಿ

ಚಿಕ್ಕೋಡಿ ತಾಲೂಕಿನ ಅಂಕಲಿ ಅಂದ್ರೆ ನಮ್ಮ ಕಡೆಯವರಿಗೆ ನೆನಪಾಗೋದು ಕಬ್ಬು ಮತ್ತು ಕೃಷ್ಣಾ ನದಿ. "ಅಲ್ಲಿ ನೋಡೋಕೆ ಏನಿದೆ ಮಾರಾಯಾ?" ಅಂತ ಬೆಂಗಳೂರಿನ ಗೆಳೆಯರು ಕೇಳಿದಾಗಲೆಲ್ಲ ನನ್ನ ಉತ್ತರ ಒಂದೇ... ಕುದುರೆ!

ನಗಬೇಡಿ :) ಆಷಾಢ ಏಕಾದಶಿಗೆ ಆಳಂದಿಯಿಂದ ಪಂಢರಪುರಕ್ಕೆ ಜ್ಞಾನೇಶ್ವರ ಮಹಾರಾಜರ ಪಲ್ಲಕ್ಕಿ ಹೋಗುತ್ತದಲ್ಲ, ಲಕ್ಷಾಂತರ ವಾರಕರಿಗಳು ನಡೆದು ಹೋಗುವ ಆ ದಿಂಡಿಯ ಮುಂದೆ ಎರಡು ಕುದುರೆಗಳಿರುತ್ತವೆ. ಅವು ಹೋಗುವುದು ಇದೇ ಅಂಕಲಿಯಿಂದ, ಶಿತೋಳೆ ಸರಕಾರರ ವಾಡೆಯಿಂದ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಮೇಲೆ ಯಾರೂ ಇಲ್ಲ. ಅದು ಮಾವುಲಿಯ ಕುದುರೆ, ಅಂದರೆ ಸಾಕ್ಷಾತ್ ಜ್ಞಾನೇಶ್ವರರೇ ಕೂತಿದ್ದಾರೆ ಅಂತ ನಂಬಿಕೆ. ದಾರಿಯಲ್ಲಿ ರಿಂಗಣ ನಡೆದಾಗ ಈ ಕುದುರೆ ಓಡಿದ ನೆಲದ ಮಣ್ಣನ್ನು ಜನ ಮುಗಿಬಿದ್ದು ಹಣೆಗೆ ಹಚ್ಚಿಕೊಳ್ಳುತ್ತಾರೆ.

ಇದರ ಹಿಂದಿನ ಇತಿಹಾಸ ಸ್ವಾರಸ್ಯಕರ. 1685ರಲ್ಲಿ ತುಕಾರಾಮರ ಮಗ ನಾರಾಯಣ ಮಹಾರಾಜರು ತುಕಾರಾಮ, ಜ್ಞಾನೇಶ್ವರ ಇಬ್ಬರ ಪಾದುಕೆಗಳನ್ನೂ ಒಂದೇ ಪಲ್ಲಕ್ಕಿಯಲ್ಲಿ ಒಯ್ಯುವುದನ್ನು ಶುರು ಮಾಡಿದ್ದರು. ಜ್ಞಾನೇಶ್ವರರ ಪಲ್ಲಕ್ಕಿ ಬೇರೆಯಾಗಿ ಈಗಿನ ರೂಪಕ್ಕೆ ಬಂದದ್ದು 1832ರ ಸುಮಾರಿಗೆ, ಹೈಬತಬಾಬಾ ಆರಫಳಕರ ಅವರಿಂದ. ಇವರು ಸಾತಾರಾ ಕಡೆಯವರು, ಗ್ವಾಲಿಯರಿನ ಶಿಂಧೆ ದರ್ಬಾರಿನಲ್ಲಿ ಸರದಾರರಾಗಿದ್ದು ಮುಂದೆ ವೈರಾಗ್ಯ ತಳೆದವರು. ಶಿತೋಳೆ ಮನೆತನಕ್ಕೂ ಶಿಂಧೆಯರ ನಂಟಿತ್ತು. ಪಲ್ಲಕ್ಕಿಗೆ ಬೇಕಾದ ಕುದುರೆ, ತಂಬು, ನೈವೇದ್ಯದ ಸೇವೆಯನ್ನು ಅಂಕಲಿಯವರು ವಹಿಸಿಕೊಂಡರು. ಮುಂದೆ ಕುದುರೆ, ಹಿಂದೆ ಸಾಲುಸಾಲು ದಿಂಡಿ, ರಾತ್ರಿ ತಂಬು, ಚೋಪದಾರ ದಂಡ ಎತ್ತಿದ ಕೂಡಲೇ ಇಡೀ ಜನಸಾಗರ ಗಪ್‌ಚಿಪ್! ನನಗಂತೂ ಇದು ದಂಡು ಹೊರಡುವ ಶಿಸ್ತೇ ಭಕ್ತಿಗೆ ಬಂದಂತೆ ಕಾಣುತ್ತದೆ.

ಈಗಲೂ ಕುದುರೆಗಳು ಜ್ಯೇಷ್ಠ ಮಾಸದಲ್ಲಿ ಅಂಕಲಿ ಬಿಟ್ಟು ಮಿರಜ, ಸಾತಾರಾ, ಪುಣೆ ಮೇಲೆ ಸುಮಾರು 300 ಕಿ.ಮೀ. ನಡೆದೇ ಆಳಂದಿ ಮುಟ್ಟುತ್ತವೆ. 1956ರಲ್ಲಿ ಅಂಕಲಿ ಮೈಸೂರು ರಾಜ್ಯಕ್ಕೆ ಬಂತು, ಆಳಂದಿ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗಡಿ ಗಲಾಟೆಯಾದಾಗ ಎರಡೂ ಕಡೆ ಬಸ್ಸಿಗೆ ಮಸಿ ಬಳಿಯುತ್ತಾರೆ. ಕುದುರೆಗೆ ಯಾರೂ ಬಳಿದದ್ದು ಕೇಳಿಲ್ಲ. ವಿಠ್ಠಲನನ್ನು 'ಕಾನಡಾ' ಅಂತ ಕರೆದದ್ದೂ ಇದೇ ಜ್ಞಾನೇಶ್ವರರ ಹೆಸರಿನ ಅಭಂಗವೇ. 'ಕನ್ನಡಿಗ' ಅಂತ ನಾವು ಓದುತ್ತೇವೆ, 'ತಿಳಿಯಲಾಗದವನು' ಅಂತ ಕೆಲವರು ಅರ್ಥ ಮಾಡುತ್ತಾರೆ.

ಇನ್ನು ಅದೇ ತಾಲೂಕಿನ ಯಡೂರು. ಕೃಷ್ಣೆಯ ದಂಡೆಯ ವೀರಭದ್ರ ದೇವರಿಂದ ಪ್ರಸಿದ್ಧ. ದಕ್ಷನ ಯಜ್ಞ ನಡೆದದ್ದು ಇಲ್ಲೇ ಅಂತ ಸ್ಥಳಪುರಾಣ. ಸತಿ ನಂದಿಯ ಮೇಲೆ ತವರಿಗೆ ಬಂದಳು, ನಂದಿ ಇಲ್ಲೇ ಉಳಿಯಿತು. ಸಿಟ್ಟಿಗೆದ್ದ ಶಿವ ನದಿಯಾಚೆ ಖಿದ್ರಾಪುರದಲ್ಲಿ ಕೋಪೇಶ್ವರನಾದ. ಅದಕ್ಕೇ ಅಲ್ಲಿ ಶಿವನ ಎದುರು ನಂದಿಯಿಲ್ಲ! ಶಿವ ಕೊಲ್ಲಾಪುರ ಜಿಲ್ಲೆಯಲ್ಲಿ, ನಂದಿ ನಮ್ಮ ಚಿಕ್ಕೋಡಿಯಲ್ಲಿ.

ಖಿದ್ರಾಪುರದ ಗುಡಿಯನ್ನು ತಪ್ಪಿಸಬೇಡಿ. 12ನೇ ಶತಮಾನದ ಶಿಲಾಹಾರರ ಕಾಲದ್ದು. ಸ್ವರ್ಗಮಂಟಪದ ನಡುವೆ ಛಾವಣಿಯೇ ಇಲ್ಲ, ದುಂಡಗೆ ಆಕಾಶ ಕಾಣುತ್ತದೆ, ಕೆಳಗೆ ಅಷ್ಟೇ ದುಂಡಗಿನ ಒಂದೇ ಕಲ್ಲಿನ ಹಾಸು. ಸುತ್ತ 48 ಕಂಬಗಳು. ಗುಡಿ ಹೊತ್ತಂತಿರುವ ಆನೆಗಳ ಸೊಂಡಿಲು ಬಹುತೇಕ ಮುರಿದಿವೆ. ಯಾದವ ಸಿಂಘಣನ ಸಂಸ್ಕೃತ ಶಾಸನ (ಶಕ 1136) ಒಂದಿದೆ, ಕನ್ನಡ ಶಾಸನಗಳೂ ಇವೆ, ಹುಡುಕಿ ನೋಡಿ.

1054ರಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೇ ಸತ್ತ ಕೊಪ್ಪಂ ಯುದ್ಧ ನಡೆದದ್ದು ಇಲ್ಲೇ ಅಂತ ಫ್ಲೀಟ್ ಸಾಹೇಬರ ವಾದ. ಅಲ್ಲ, ಅದು ಕೊಪ್ಪಳ ಅಂತ ಇನ್ನು ಕೆಲವರು. ತಮಿಳು ಶಾಸನದಲ್ಲಿ ಕೊಪ್ಪಂ 'ಪೇರಾರಿನ' ದಂಡೆಯಲ್ಲಿದೆ, ಅಂದರೆ ದೊಡ್ಡ ಹೊಳೆ. ಕೃಷ್ಣೆಯ ಹಳಗನ್ನಡ ಹೆಸರು ಪೆರ್ದೊರೆ. ಆದರೆ ಕೊಪ್ಪಳದ ಹತ್ತಿರವೂ ಹಿರೇಹಳ್ಳ ಇದೆಯಲ್ಲ! ನಾನು ಪೆರ್ದೊರೆಯ ಪಕ್ಷ. ಊರ ಅಭಿಮಾನ ಅಂದರೂ ಸರಿ.

ಹೋಗುವುದಾದರೆ ದೀಪಾವಳಿ ನಂತರ ಹೋಗಿ. ಆಗಸ್ಟಿನಲ್ಲಿ ಕೃಷ್ಣೆಯನ್ನು ನಂಬುವಂತಿಲ್ಲ, 2005 ಮತ್ತು 2019ರ ಮಹಾಪೂರ ಈ ಕಡೆಯವರು ಮರೆತಿಲ್ಲ. ಕುದುರೆ ಹೊರಡುವುದನ್ನು ನೋಡಬೇಕೆಂದರೆ ಮಾತ್ರ ಜೂನ್ ತಿಂಗಳ ಪಂಚಾಂಗ ನೋಡಿಕೊಂಡು ಬನ್ನಿ.