ವೃತ್ತಿರಂಗಭೂಮಿಯ ವ್ಯವಹಾರಜ್ಞಾನ: ಗುಬ್ಬಿ ಕಂಪನಿಯ ನಿದರ್ಶನ

ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ನಾಟಕಕಾರರು, ನಟರು ಹಾಗೂ ರಂಗಸಂಗೀತಕ್ಕೆ ಸಲ್ಲಬೇಕಾದ ಸ್ಥಾನ ಬಹುಮಟ್ಟಿಗೆ ಸಂದಿದೆ. ಆದರೆ ಊರೂರು ಅಲೆಯುವ ದೊಡ್ಡ ಕಲಾವಿದ ಕುಟುಂಬವೊಂದನ್ನು ವರ್ಷವಿಡೀ ಸಾಕಿದ ವ್ಯವಹಾರಜ್ಞಾನ ಆ ಪ್ರಮಾಣದ ಗಮನವನ್ನು ಪಡೆದಿಲ್ಲ. ಹಣದ ಲೆಕ್ಕಾಚಾರವು ಕಲೆಗೆ ಹೊರಗಿನದು, ಅದರಿಂದ ಕಲೆಯ ಮಟ್ಟ ಕುಸಿಯುತ್ತದೆ ಎಂಬ ನಂಬಿಕೆಯೇ ಇದಕ್ಕೆ ಕಾರಣವಿರಬೇಕು. ಗುಬ್ಬಿ ಕಂಪನಿಯ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಿದಾಗ ಆ ನಂಬಿಕೆಯನ್ನು ಮರುಪರಿಶೀಲಿಸಬೇಕಾಗುತ್ತದೆ.

ಗುಬ್ಬಿಯು ಮೂಡಲಪಾಯ ಯಕ್ಷಗಾನದ ಸೀಮೆಗೆ ಸೇರಿದ ಊರು. ಮೂಡಲಪಾಯದ ಆಟಕ್ಕೆ ಟಿಕೆಟ್ಟಿಲ್ಲ. ಸುಗ್ಗಿ ಮುಗಿದು ಬಿಡುವು ದೊರೆತಾಗ ಊರಿನ ರೈತರೇ ಭಾಗವತರನ್ನು ಕರೆಸಿ, ಅಭ್ಯಾಸ ಮಾಡಿ, ಬಣ್ಣ ಹಚ್ಚಿ ಕುಣಿಯುತ್ತಾರೆ. ಖರ್ಚನ್ನು ಊರು ಹೊರುತ್ತದೆ. ವೇಷ ಕಳಚಿದ ಮರುದಿನ ನಟ ಮತ್ತೆ ನೇಗಿಲು ಹಿಡಿಯುತ್ತಾನೆ. ಈ ವ್ಯವಸ್ಥೆಯಲ್ಲಿ ಕಲೆಯು ಹೊಟ್ಟೆಪಾಡಿನ ಭಾರವನ್ನು ಹೊರಬೇಕಾಗಿರಲಿಲ್ಲ. ಅಂತೆಯೇ ಕಲೆಯನ್ನೇ ನೆಚ್ಚಿ ಬಾಳುವ ಅವಕಾಶವೂ ನಟನಿಗೆ ಇರಲಿಲ್ಲ.

1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ಸ್ವಾಮಿ ಕೃಪಾಪೋಷಿತ ನಾಟಕ ಸಂಘದಲ್ಲಿ ಈ ಸಂಬಂಧ ಬದಲಾಯಿತು. ಅಡಿಕೆ ವ್ಯಾಪಾರಕ್ಕೂ ಸಂತೆಗೂ ಹೆಸರಾದ ಪೇಟೆಯಲ್ಲಿ ಇಂತಹ ಸಂಘ ಹುಟ್ಟಿದ್ದು ಗಮನಾರ್ಹ. 'ಕೃಪಾಪೋಷಿತ' ಎಂಬ ಮಾತು ಊರದೇವರ ಆಶ್ರಯದ ಹಳೆಯ ನಂಬಿಕೆಯನ್ನು ಉಳಿಸಿಕೊಂಡಿತು. ನಿತ್ಯದ ಪೋಷಣೆ ಮಾತ್ರ ಟಿಕೆಟ್ಟು ಕೊಳ್ಳುವ ಪ್ರೇಕ್ಷಕನ ಕೈಗೆ ಬಂದಿತು. ದೇವರ ಹೆಸರು ಮತ್ತು ಟಿಕೆಟ್ಟಿನ ಹಣ ಒಂದೇ ಡೇರೆಯಲ್ಲಿ ಕೂಡಿ ಬಾಳಿದುದು ವೃತ್ತಿರಂಗಭೂಮಿಯ ಮೂಲ ಲಕ್ಷಣವೆನ್ನಬಹುದು.

1891ರಲ್ಲಿ ಜನಿಸಿದ ಗುಬ್ಬಿ ವೀರಣ್ಣನವರು ಬಾಲ್ಯದಲ್ಲಿಯೇ ಈ ಸಂಘವನ್ನು ಸೇರಿದರು. 1917ರಲ್ಲಿ ಅದರ ಒಡೆತನ ಅವರಿಗೆ ಬಂದಿತು. ಈ ಎರಡು ಘಟನೆಗಳ ನಡುವಿನ ಅವಧಿಯೇ ಅವರ ವ್ಯವಹಾರ ಶಿಕ್ಷಣದ ಕಾಲ. ಯಾವ ಶಾಲೆಯೂ ಕಲಿಸದ ವಿದ್ಯೆ ಅದು. ಬಾಲಪಾತ್ರದಿಂದ ಹಾಸ್ಯಪಾತ್ರದವರೆಗೆ ಬೆಳೆದ ನಟನಿಗೆ ಪ್ರೇಕ್ಷಕ ಎಲ್ಲಿ ನಗುತ್ತಾನೆ, ಎಲ್ಲಿ ಆಕಳಿಸುತ್ತಾನೆ ಎಂಬುದು ರಂಗದ ಮೇಲಿಂದಲೇ ತಿಳಿಯುತ್ತದೆ. ಜನಪದ ಕಲೆಗಳಲ್ಲಿ ಹಾಡು, ಕುಣಿತ ಹಿರಿಯರಿಂದ ಕಿರಿಯರಿಗೆ ದಾಟುವ ರೀತಿಯಲ್ಲಿಯೇ ಕಂಪನಿ ನಡೆಸುವ ವಿದ್ಯೆಯೂ ಒಡನಾಟದಿಂದ ದಾಟಿತು.

ಆ ವಿದ್ಯೆಯ ಕೇಂದ್ರವು ಕ್ಯಾಂಪಿನ ಲೆಕ್ಕ. ಸಂಚಾರಿ ಕಂಪನಿಯು ಒಂದೂರಿನಲ್ಲಿ ಎಷ್ಟು ದಿನ ನಿಲ್ಲಬೇಕು, ಮುಂದೆ ಯಾವ ಊರಿಗೆ ಹೋಗಬೇಕು ಎಂಬ ನಿರ್ಧಾರದ ಮೇಲೆ ಎಲ್ಲರ ಅನ್ನ ನಿಂತಿರುತ್ತಿತ್ತು. ಜಾತ್ರೆ ಯಾವಾಗ, ಬೆಳೆ ಕೈಗೆ ಬಂದಿದೆಯೇ, ಪರದೆ, ಪೆಟ್ಟಿಗೆಗಳನ್ನು ಸಾಗಿಸಲು ರೈಲು ಎಲ್ಲಿಯವರೆಗೆ ಇದೆ, ಅಲ್ಲಿಂದ ಮುಂದೆ ಗಾಡಿಗಳು ಸಿಗುತ್ತವೆಯೇ ಎಂಬುದನ್ನು ಮೊದಲೇ ತಿಳಿಯಬೇಕಿತ್ತು. ಮಳೆ ಹಿಡಿದರೆ ಕಲೆಕ್ಷನ್ ನಿಲ್ಲುತ್ತದೆ, ಕಂಪನಿಮನೆಯ ಒಲೆ ನಿಲ್ಲುವಂತಿಲ್ಲ. ನೆಲ, ಬೆಂಚು, ಕುರ್ಚಿ ಎಂಬ ಟಿಕೆಟ್ಟಿನ ದರ್ಜೆಗಳು ಕೂಲಿಕಾರನನ್ನೂ ಸಾಹುಕಾರನನ್ನೂ ಒಂದೇ ನಾಟಕಕ್ಕೆ ಕರೆತಂದವು. ನೆಲದ ಟಿಕೆಟ್ಟಿನ ದರ ಕಡಿಮೆಯಾದರೂ ಸಂಖ್ಯೆಯ ಬಲ ಅಲ್ಲಿಯೇ ಇತ್ತು; ಅಲ್ಲಿ ಕುಳಿತವರ ಅಭಿರುಚಿಯನ್ನು ಕಡೆಗಣಿಸಿ ಯಾವ ಕಂಪನಿಯೂ ಬಾಳುವಂತಿರಲಿಲ್ಲ.

ನಾಟಕಗಳ ಆಯ್ಕೆಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ಬೆಳ್ಳಾವೆ ನರಹರಿಶಾಸ್ತ್ರಿಗಳ 'ಸದಾರಮೆ'ಯ ಕಳ್ಳನ ಪಾತ್ರ ವೀರಣ್ಣನವರಿಗೆ ಅಪಾರ ಜನಪ್ರಿಯತೆಯನ್ನು ತಂದಿತು. ಜನರಿಗೆ ಚಿರಪರಿಚಿತವಾದ ಕಥೆ, ಸಂದರ್ಭಕ್ಕೆ ತಕ್ಕಂತೆ ಹಿಗ್ಗುವ ಹಾಸ್ಯ, ಮತ್ತೆ ಮತ್ತೆ ಆಡಬಹುದಾದ ಕಟ್ಟು ಇಂತಹ ನಾಟಕಗಳ ಬಲ. ಈ ಬಗೆಯ ನಾಟಕ ಕಂಪನಿಯ ನಿತ್ಯದ ಆದಾಯವಾದರೆ, ಭವ್ಯ ಪ್ರಯೋಗವು ಅದರ ಸಾಹಸ. ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು 1934ರಲ್ಲಿ ಆನೆ, ಕುದುರೆಗಳೊಡನೆ ರಂಗಕ್ಕೆ ತಂದದ್ದು ಇದಕ್ಕೆ ಪ್ರಸಿದ್ಧ ನಿದರ್ಶನ. ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ಸುಲಭ. ಚಲನಚಿತ್ರ ಮಾತನಾಡಲು ತೊಡಗಿದ್ದ ಆ ಕಾಲದಲ್ಲಿ, ಕಣ್ಣೆದುರಿಗೇ ಜೀವಂತವಾಗಿ ನಡೆಯುವ ಅದ್ಭುತವನ್ನು ಕೊಟ್ಟು ಪ್ರೇಕ್ಷಕನನ್ನು ಉಳಿಸಿಕೊಳ್ಳುವ ಪ್ರಯತ್ನವಾಗಿಯೂ ಇದನ್ನು ಗ್ರಹಿಸಬೇಕು.

ಚಲನಚಿತ್ರವನ್ನು ವೀರಣ್ಣನವರು ಕೇವಲ ವೈರಿಯೆಂದು ಎಣಿಸಲಿಲ್ಲ. ಮೂಕಿಚಿತ್ರದ ಕಾಲದಿಂದಲೇ ಅದರಲ್ಲಿ ತೊಡಗಿದರು. ಅವರ ಸಂಸ್ಥೆಯು ಎವಿಎಂ ಜೊತೆಗೂಡಿ ತಯಾರಿಸಿದ 'ಬೇಡರ ಕಣ್ಣಪ್ಪ' 1954ರಲ್ಲಿ ತೆರೆಕಂಡಿತು. ಅದರ ನಾಯಕ ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದವರು; ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಅದೇ ಕಂಪನಿಯ ನಟರು. ರಂಗದಲ್ಲಿ ತಯಾರಾದ ಪ್ರತಿಭೆ ಹೊಸ ಮಾಧ್ಯಮದ ಬಂಡವಾಳವಾಯಿತು.

ಜನರ ಮೇಲೆ ಹೂಡಿದ ಬಂಡವಾಳದ ಇನ್ನೊಂದು ಪ್ರಸಂಗ ಇನ್ನೂ ಮುಖ್ಯವಾದುದು. ಬಾಲ್ಯದಲ್ಲಿ ಮನೆಬಿಟ್ಟು ಬಂದು ಕಂಪನಿ ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕೆಂದು ಬನಾರಸಿಗೆ ಕಳುಹಿಸಿದರು. ಹಾಗೆ ಹೋದವರು ಮತ್ತೆ ಕಂಪನಿಯ ದುಡಿಮೆಗೆ ಮರಳುವರೆಂಬ ಭರವಸೆ ಇಲ್ಲ. ಆ ಖರ್ಚು ಕಂಪನಿಯ ಲಾಭದ ಲೆಕ್ಕಕ್ಕೆ ಸೇರಲಾರದು. ಆದರೆ 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟುವವರೆಗೆ ಕಾರಂತರು ಆಧುನಿಕ ರಂಗಭೂಮಿಗೆ ನೀಡಿದ ಕೊಡುಗೆಯ ಹಿಂದೆ ಆ ಖರ್ಚೂ ಇದೆ. ರಂಗಗೀತೆಗಳ ಬಗೆಗೆ ಕಾರಂತರಿಗಿದ್ದ ಒಲವು ಕಂಪನಿಯ ಋಣವನ್ನು ಬೇರೆ ರೀತಿಯಲ್ಲಿ ತೀರಿಸಿತು.

ಈ ವ್ಯವಸ್ಥೆಗೆ ಮಿತಿಗಳೂ ಇದ್ದವು. ಒಡೆಯನ ಜಾಣ್ಮೆ, ಔದಾರ್ಯಗಳ ಮೇಲೆ ಕಂಪನಿ ನಿಂತಿತ್ತು. ಆತ ಉದಾರಿಯಾದರೆ ನಟನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಆತ ಸೋತರೆ ನಟನೂ ಸೋಲುತ್ತಿದ್ದ. ಮುಪ್ಪಿನಲ್ಲಿ ನಟನ ಗತಿಯೇನು ಎಂಬ ಪ್ರಶ್ನೆಗೆ ವೃತ್ತಿಕಂಪನಿಗಳು ಸಾಮೂಹಿಕವಾದ ಉತ್ತರವನ್ನು ಕಂಡುಕೊಳ್ಳಲಿಲ್ಲ. ಮೂಡಲಪಾಯದ ನಟನಿಗೆ ನೇಗಿಲಾದರೂ ಇತ್ತು. ಹೊಲವನ್ನು ಬಿಟ್ಟು ಬಂದ ಕಂಪನಿ ನಟನಿಗೆ ಬಣ್ಣದ ಪೆಟ್ಟಿಗೆಯ ಹೊರತು ಬೇರೆ ಆಸರೆ ಇರಲಿಲ್ಲ. ವೃತ್ತಿರಂಗಭೂಮಿಯ ಯಶಸ್ಸನ್ನು ಹೇಳುವಾಗ ಈ ಬೆಲೆಯನ್ನೂ ಹೇಳಬೇಕಾಗುತ್ತದೆ.

1972ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ವೀರಣ್ಣನವರು ಅದೇ ವರ್ಷ ತೀರಿಕೊಂಡರು. ಅವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ಶರಣ ಪರಂಪರೆಯ 'ಕಾಯಕ'ದಲ್ಲಿ ದುಡಿಮೆಯೂ ಪೂಜೆಯೂ ಬೇರೆಯಲ್ಲ. ಅಲ್ಲಿ ಗಳಿಕೆ ಹೇಯವಲ್ಲ, ಆದರೆ ಅದು ದಾಸೋಹವಾಗಿ ಹಂಚಿಹೋಗಬೇಕು. ಇಂದು ಜನಪದ ಕಲಾವಿದರು ಉದ್ಯಮಶೀಲರಾಗಬೇಕು, ತಮ್ಮ ಕಲೆಗೆ ತಾವೇ ಮಾರುಕಟ್ಟೆಯನ್ನು ಕಂಡುಕೊಳ್ಳಬೇಕು ಎಂಬ ಮಾತು ಪದೇಪದೇ ಕೇಳಿಬರುತ್ತಿದೆ. ಆ ವಿದ್ಯೆಗೆ ಈ ನೆಲದಲ್ಲಿಯೇ ನೂರು ವರ್ಷ ಮೀರಿದ ಪರಂಪರೆಯಿದೆ. ಗುಬ್ಬಿ ಕಂಪನಿಯ ಚರಿತ್ರೆಯಿಂದ ಟಿಕೆಟ್ಟು, ಪ್ರಚಾರ, ಕ್ಯಾಂಪಿನ ಜಾಣ್ಮೆಯನ್ನು ಕಲಿಯುವುದು ಅಗತ್ಯ. ಮಳೆಗಾಲದಲ್ಲಿಯೂ ಕಂಪನಿಮನೆಯ ಒಲೆ ಉರಿಯಬೇಕೆಂಬ ಹೊಣೆ, ಮುಪ್ಪಿನ ನಟನನ್ನು ಕುರಿತ ಉತ್ತರವಿಲ್ಲದ ಆ ಪ್ರಶ್ನೆ ಇವೆರಡನ್ನೂ ಬಿಟ್ಟು ಆ ಜಾಣ್ಮೆಯನ್ನಷ್ಟೇ ಕಲಿಸಿದರೆ ಕಲಾವಿದನಿಗೆ ಹೆಚ್ಚಿನ ಉಪಕಾರವಾಗದು.